ಲೆಕ್ಕಕ್ಕೆ ಬಾರದ ಲೆಕ್ಕ: ಗಣಿತದ ಚರಿತ್ರೆ ಮತ್ತು ಮಹಿಳೆಯ ಎಣಿಕೆಯ ಜ್ಞಾನ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ, ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಗಣಿತದ ಹಿರಿಮೆಯನ್ನು ಕೊಂಡಾಡುತ್ತ, ಅದು ಬಳಕೆಯಾಗುವ ಕ್ಷೇತ್ರಗಳನ್ನು ಒಂದೊಂದಾಗಿ ಹೆಸರಿಸಿದ್ದಾನೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತುವಿದ್ಯೆ, ಛಂದಸ್ಸು, ತರ್ಕ, ವ್ಯಾಕರಣ ಇವುಗಳ ಸಾಲಿನಲ್ಲಿಯೇ ಸೂಪಶಾಸ್ತ್ರವೂ ಬರುತ್ತದೆ. ಸೂಪಶಾಸ್ತ್ರವೆಂದರೆ ಅಡುಗೆಯ ಶಾಸ್ತ್ರ. ಗ್ರಹಗಳ ಚಲನೆಗೆ ಎಷ್ಟರಮಟ್ಟಿಗೆ ಗಣಿತ ಬೇಕೋ ಅಡುಗೆಗೂ ಅದು ಬೇಕು ಎಂಬ ಈ ಮಾತನ್ನು ಒಬ್ಬ ಶಾಸ್ತ್ರಕಾರನು ಹನ್ನೊಂದು ಶತಮಾನಗಳಿಗೂ ಹಿಂದೆ ಸಂಕೋಚವಿಲ್ಲದೆ ಆಡಿದ್ದನೆಂಬುದು ಗಮನಾರ್ಹ. ಆದರೆ ಪಟ್ಟಿಯಲ್ಲಿ ಅಡುಗೆ ಇದೆ, ಅಡುಗೆ ಮಾಡುವವಳು ಇಲ್ಲ. ಅರಮನೆಯ ಸೂಪಕಾರನ ಪಾಕಶಾಸ್ತ್ರವೇ ಆತನ ಮನಸ್ಸಿನಲ್ಲಿದ್ದಿರಬೇಕು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಅಳತೆಯನ್ನು ಕೈಯಲ್ಲಿ ಹಿಡಿದು, ಮನೆಮಂದಿಯನ್ನೂ ಬರಲಿರುವ ನೆಂಟರನ್ನೂ ಮುಂದಿನ ಸುಗ್ಗಿಯ ತನಕದ ದಿನಗಳನ್ನೂ ಏಕಕಾಲಕ್ಕೆ ಭಾಗಿಸಿ ನೋಡುತ್ತಿದ್ದ ಮನೆಯೊಡತಿಯ ಲೆಕ್ಕಕ್ಕೆ ಯಾವ ಗ್ರಂಥದಲ್ಲಿಯೂ ಅಧ್ಯಾಯವಿಲ್ಲ.

ಗಣಿತವನ್ನು ಸಮೀಪಿಸುವ ಬಗೆಯಲ್ಲಿ ಲಿಂಗತಾರತಮ್ಯವಿದೆಯೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಹೆಣ್ಣುಮಕ್ಕಳ ಸಾಮರ್ಥ್ಯದ ಪ್ರಶ್ನೆಯಾಗಿ, ಪರೀಕ್ಷೆಯ ಅಂಕಗಳ ಪ್ರಶ್ನೆಯಾಗಿ ಚರ್ಚಿಸುವುದುಂಟು. ಆ ಚರ್ಚೆ ಮನೋವಿಜ್ಞಾನಿಗಳಿಗೂ ಶಿಕ್ಷಣತಜ್ಞರಿಗೂ ಸೇರಿದ್ದು. ಜಾನಪದ ಅಧ್ಯಯನದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಇದಕ್ಕಿಂತ ಹಿಂದಿನದು. ಯಾವ ಎಣಿಕೆಯನ್ನು ಗಣಿತವೆಂದು ಕರೆಯಲಾಯಿತು, ಯಾವುದನ್ನು ಕಲೆ, ಕಸೂತಿ, ಆಟ, ಆಚಾರವೆಂದು ಕರೆದು ಪಕ್ಕಕ್ಕಿಡಲಾಯಿತು? ಶಾನುಭೋಗನು ಕಡತದಲ್ಲಿ ಎಣಿಸಿದ್ದು ಲೆಕ್ಕವಾಯಿತು. ಆತನ ಹೆಂಡತಿ ಸೆರಗಿನ ಎಳೆಗಳನ್ನು ಎಣಿಸಿದ್ದು ಕೈಕೆಲಸವಾಯಿತು. ತಾರತಮ್ಯದ ಬೇರು ಸಾಮರ್ಥ್ಯದಲ್ಲಿ ಇಲ್ಲ, ಹೆಸರಿಡುವ ಕ್ರಮದಲ್ಲಿದೆ. ಈ ಹೆಸರಿಡುವ ಕೆಲಸದಲ್ಲಿ ಜಾನಪದ ವಿದ್ವತ್ತು ಕೂಡ ತನ್ನ ಪಾಲನ್ನು ಸಲ್ಲಿಸಿದೆ ಎಂಬುದನ್ನು ಮರೆಮಾಚಲಾಗದು.

ಶಾಸ್ತ್ರಗ್ರಂಥದೊಳಗಿನ ಹೆಣ್ಣು

ಗಣಿತಗ್ರಂಥಗಳಲ್ಲಿ ಹೆಣ್ಣು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಉದಾಹರಣೆಯ ಲೆಕ್ಕಗಳಲ್ಲಿ ಆಕೆ ಹೇರಳವಾಗಿ ಬರುತ್ತಾಳೆ. ಮಹಾವೀರನ ಗ್ರಂಥದಲ್ಲಿಯೇ ಪತಿಯೊಡನೆ ಸರಸದಲ್ಲಿರುವ ತರುಣಿಯ ಮುತ್ತಿನ ಹಾರ ಹರಿದು ಮುತ್ತುಗಳು ಚೆಲ್ಲಾಪಿಲ್ಲಿಯಾಗುವ ಭಿನ್ನರಾಶಿಯ ಲೆಕ್ಕವಿದೆ. ಹರಿದ ಹಾರ ಆಕೆಯದು, ಎಣಿಸಬೇಕಾದವನು ಓದುಗ. ಕ್ರಿ.ಶ. ೧೧೫೦ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ‘ಸಿದ್ಧಾಂತಶಿರೋಮಣಿ’ಯ ಭಾಗವಾದ ‘ಲೀಲಾವತಿ’ಯಲ್ಲಿ ಲೆಕ್ಕ ಕೇಳಿಸಿಕೊಳ್ಳುವವಳನ್ನೇ ಬಾಲೆ, ಜಿಂಕೆಗಣ್ಣಿನವಳೇ ಎಂದು ಕರೆಯಲಾಗಿದೆ. ಜಗತ್ತಿನ ಗಣಿತ ಸಾಹಿತ್ಯದಲ್ಲಿ ಹೆಣ್ಣೊಬ್ಬಳನ್ನು ಸಂಬೋಧಿಸಿ ಹೀಗೆ ಪಾಠ ಹೇಳಿದ ಕೃತಿಗಳು ವಿರಳ. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಅದೇ ಗ್ರಂಥದಲ್ಲಿ ಸಖನೇ, ಗಣಕನೇ ಎಂಬ ಪುರುಷ ಸಂಬೋಧನೆಗಳೂ ಬರುತ್ತವೆ. ಪುರುಷನನ್ನು ಕರೆಯುವಾಗ ಆತನ ವಿದ್ಯೆಯ ಮೂಲಕ ಕರೆಯಲಾಗುತ್ತದೆ, ಹೆಣ್ಣನ್ನು ಕರೆಯುವಾಗ ಆಕೆಯ ಕಣ್ಣಿನ ಮೂಲಕ.

ಇದು ಕಾವ್ಯಸಂಪ್ರದಾಯದ ರೂಢಿ ಎಂದು ಬಿಟ್ಟುಬಿಡಬಹುದು. ಬಿಟ್ಟುಬಿಡಲಾಗದ ಇನ್ನೊಂದು ಉದಾಹರಣೆ ‘ಲೀಲಾವತಿ’ಯಲ್ಲಿದೆ. ವ್ಯಸ್ತ ತ್ರೈರಾಶಿಕವನ್ನು, ಎಂದರೆ ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವ ಸಂಬಂಧವನ್ನು, ವಿವರಿಸಲು ಭಾಸ್ಕರನು ಕೊಡುವ ಲೆಕ್ಕದಲ್ಲಿ ಹದಿನಾರು ವರ್ಷದ ಹೆಣ್ಣಿನ ಬೆಲೆ ೩೨ ನಿಷ್ಕ. ಇಪ್ಪತ್ತು ವರ್ಷದವಳ ಬೆಲೆ ಎಷ್ಟು ಎಂಬುದು ಪ್ರಶ್ನೆ. ಉತ್ತರ ಇಪ್ಪತ್ತೈದು ನಿಷ್ಕ ಹಾಗೂ ಐದರಲ್ಲಿ ಮೂರು ಭಾಗ. ಇದರ ಜೊತೆಯಲ್ಲಿಯೇ ಬರುವುದು ದುಡಿದು ದಣಿದ ಎತ್ತಿನ ಬೆಲೆಯ ಲೆಕ್ಕ. ಹೆಣ್ಣಿಗೆ ವಯಸ್ಸಾದಂತೆ ಬೆಲೆ ಇಳಿಯುತ್ತದೆ ಎಂಬುದು ಇಲ್ಲಿ ಸಾಧಿಸಬೇಕಾದ ವಿಷಯವಲ್ಲ, ಎಲ್ಲರಿಗೂ ತಿಳಿದ ದತ್ತಾಂಶ. ಜಿಂಕೆಗಣ್ಣಿನ ಬಾಲೆಯನ್ನು ಉದ್ದೇಶಿಸಿದ ಗ್ರಂಥದಲ್ಲಿ ಈ ಲೆಕ್ಕವನ್ನು ಆ ಬಾಲೆಯೂ ಬಿಡಿಸಬೇಕಾಗಿತ್ತು. ಹನ್ನೆರಡನೆಯ ಶತಮಾನದ ಕೃತಿಯನ್ನು ಇಂದಿನ ನ್ಯಾಯಾಲಯದಲ್ಲಿ ನಿಲ್ಲಿಸುವುದು ಚರಿತ್ರೆಯ ಕೆಲಸವಲ್ಲ, ನಿಜ. ಆದರೂ ಇಲ್ಲಿ ಹೆಣ್ಣು ಎಣಿಸುವವಳಾಗಿಯೂ ಎಣಿಕೆಗೆ ಒಳಗಾದ ಸರಕಾಗಿಯೂ ಒಂದೇ ಗ್ರಂಥದೊಳಗಿದ್ದಾಳೆ ಎಂಬುದನ್ನು ದಾಖಲಿಸುವುದು ಚರಿತ್ರೆಯ ಕೆಲಸವೇ.

ಕನ್ನಡದಲ್ಲಿ ಗಣಿತವನ್ನು ಬರೆದ ಮೊದಲಿಗರಲ್ಲಿ ಒಬ್ಬನಾದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ರಚಿಸಿದನು. ಸಂಸ್ಕೃತ ಬಲ್ಲವರ ಆವರಣದಿಂದ ಗಣಿತವು ವ್ಯಾಪಾರಿಯ, ಒಕ್ಕಲಿಗನ ಭಾಷೆಗೆ ಇಳಿದದ್ದು ಬಹುದೊಡ್ಡ ಹೆಜ್ಜೆ. ಅದು ಅಂಗಡಿಯವರೆಗೆ ಬಂದಿತು, ಹೊಲದವರೆಗೆ ಬಂದಿತು, ಹೊಸ್ತಿಲು ದಾಟಲಿಲ್ಲ. ಮಹಾವೀರನ ‘ಗಣಿತಸಾರಸಂಗ್ರಹ’ವು ಕನ್ನಡ ಅನುವಾದ, ಟಿಪ್ಪಣಿಗಳೊಡನೆ ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಾಗ ಆ ಕೆಲಸವನ್ನು ಮಾಡಿದವರು ಪದ್ಮಾವತಮ್ಮ ಎಂಬ ವಿದುಷಿ. ಸೂಪಶಾಸ್ತ್ರದ ಆ ಪಟ್ಟಿ ಕನ್ನಡಕ್ಕೆ ಬಂದದ್ದು ಒಬ್ಬ ಮಹಿಳೆಯ ಲೇಖನಿಯಿಂದ ಎಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು.

ಎರಡು ಕಥೆಗಳು

ಗ್ರಂಥಕ್ಕಿಂತ ಗ್ರಂಥದ ಬಗೆಗಿನ ಕಥೆಯೇ ಜನಮನದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಲೀಲಾವತಿಯ ಐತಿಹ್ಯ ಎಲ್ಲರಿಗೂ ಪರಿಚಿತ. ಆಕೆ ಭಾಸ್ಕರನ ಮಗಳು, ಆಕೆಗೆ ವೈವಾಹಿಕ ಸುಖವಿಲ್ಲವೆಂದು ಜಾತಕ ಹೇಳಿತು, ದೋಷ ತಪ್ಪಿಸುವ ಒಂದೇ ಮುಹೂರ್ತವನ್ನು ತಂದೆ ಗಣಿಸಿ, ನೀರಿನ ಮೇಲೆ ಸಣ್ಣ ತೂತಿನ ಘಟಿಕಾಪಾತ್ರೆಯನ್ನು ತೇಲಿಬಿಟ್ಟನು, ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಜಾರಿ ಪಾತ್ರೆಯ ತೂತನ್ನು ಮುಚ್ಚಿತು, ಮುಹೂರ್ತ ಮೀರಿತು. ಮಗಳ ಹೆಸರು ಉಳಿಯಲೆಂದು ತಂದೆ ಗ್ರಂಥವನ್ನು ಬರೆದನು. ಈ ಕಥೆಗೆ ಭಾಸ್ಕರನ ಕೃತಿಯಲ್ಲಿ ಆಧಾರವಿಲ್ಲ. ಅದು ಬರಹಕ್ಕೆ ಬಂದದ್ದು ಅಕ್ಬರನ ಆಸ್ಥಾನಕವಿ ಫೈಜಿ ೧೫೮೭ರಲ್ಲಿ ಮಾಡಿದ ಪಾರಸಿ ಅನುವಾದದ ಪೀಠಿಕೆಯಲ್ಲಿ, ಎಂದರೆ ಮೂಲಗ್ರಂಥ ಹುಟ್ಟಿ ನಾಲ್ಕು ಶತಮಾನಗಳ ಮೇಲೆ.

ಐತಿಹ್ಯವು ಸುಳ್ಳೋ ನಿಜವೋ ಎಂಬುದಕ್ಕಿಂತ ಅದರ ಆಶಯ ಮುಖ್ಯ. ಕಾಲವನ್ನು ಅಳೆಯುವ ಯಂತ್ರವನ್ನು ಹುಡುಗಿಯೊಬ್ಬಳು ಬಗ್ಗಿ ನೋಡುತ್ತಾಳೆ. ನೋಡಿದ ತಪ್ಪಿಗೆ ಬದುಕು ಕೆಡುತ್ತದೆ. ಕಥೆಯ ಸಾಮಾನ್ಯ ನಿರೂಪಣೆಯಲ್ಲಿ ಈ ಕುತೂಹಲವನ್ನು ಬಾಲಿಶತನವೆಂದು ಹೇಳಲಾಗುತ್ತದೆ. ಅದೇ ಕುತೂಹಲ ಹುಡುಗನದಾಗಿದ್ದರೆ ಅದು ಮುಂದಿನ ಶಾಸ್ತ್ರಜ್ಞನ ಬಾಲ್ಯದ ಪ್ರಸಂಗವಾಗುತ್ತಿತ್ತು. ಇನ್ನೂ ಒಂದು ಅಂಶವಿದೆ. ಕಥೆಯ ತರ್ಕದಂತೆ ಹೆಣ್ಣಿಗೆ ಗಣಿತ ದೊರೆಯುವುದು ಮದುವೆ ತಪ್ಪಿದುದಕ್ಕೆ ಪರಿಹಾರವಾಗಿ. ಸಂಸಾರವಿದ್ದವಳಿಗೆ ಅದು ಬೇಡ, ಸಂಸಾರ ಕಳೆದುಕೊಂಡವಳಿಗೆ ಸಮಾಧಾನ.

ಇದರ ಪಕ್ಕದಲ್ಲಿ ತುಳುನಾಡಿನ ಸಿರಿ ಪಾಡ್ದನವನ್ನು ಇಟ್ಟು ನೋಡಬಹುದು. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನದ ದೀರ್ಘ ಪಠ್ಯ ೧೯೯೮ರಲ್ಲಿ ಲೌರಿ ಹೋಂಕೊ ಮತ್ತು ಸಂಗಡಿಗರ ಸಂಪಾದನೆಯಲ್ಲಿ ಪ್ರಕಟವಾಗಿದೆ. ಅದರ ಕೊನೆಯ ಭಾಗದಲ್ಲಿ ಬರುವ ಅವಳಿ ಅಕ್ಕತಂಗಿಯರಾದ ಅಬ್ಬಗ, ದಾರಗರು ಚೆನ್ನೆಮಣೆಯ ಆಟಕ್ಕೆ ಕೂರುತ್ತಾರೆ. ಆಟದಲ್ಲಿ ಸೋಲುಗೆಲುವಿನ ಜಗಳ ಹತ್ತಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಲ್ಲುತ್ತಾಳೆ. ಉಳಿದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ನಂಬಿಕೆ ಈ ಕಥೆಯೊಡನೆ ಬೆಸೆದುಕೊಂಡಿದೆ.

ಚೆನ್ನೆಮಣೆ, ಘಟ್ಟದ ಮೇಲಿನ ಅಳಿಗುಳಿಮಣೆ, ಎರಡೂ ಬರಿಯ ಕಾಲಹರಣದ ಆಟಗಳಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ೫೬ ಮಂಜೊಟ್ಟಿ ಬೀಜ. ಒಂದು ಗುಳಿಯ ಬೀಜಗಳನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ, ಅಲ್ಲಿಂದ ಮತ್ತೆ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕೈಹಾಕುವ ಮೊದಲೇ ಮನಸ್ಸಿನಲ್ಲಿ ಕಾಣಬೇಕು. ಇದು ಹದಿನಾಲ್ಕರಿಂದ ಭಾಗಿಸಿ ಉಳಿಕೆಯನ್ನು ಹಿಡಿಯುವ ಲೆಕ್ಕ. ಆಟಿ ತಿಂಗಳ ಮಳೆಗೆ ಹೊಲದ ಕೆಲಸ ನಿಂತಾಗ, ಜಗಲಿಯ ಒಳಬದಿಯಲ್ಲಿ ಕುಳಿತ ಹೆಂಗಸರು ಈ ಲೆಕ್ಕವನ್ನು ಬೆರಳ ತುದಿಯಲ್ಲಿ ನಡೆಸುತ್ತಿದ್ದರು. ಪಾಡ್ದನದ ದುರಂತಕ್ಕೆ ಹೆತ್ತವರು ಮರೆತ ಹರಕೆಯೇ ಕಾರಣವೆಂದು ಪಠ್ಯವೇ ಹೇಳುತ್ತದೆ. ಆದುದರಿಂದ ಕಥೆಯನ್ನು ಹೆಣ್ಣಿನ ಎಣಿಕೆಗೆ ವಿಧಿಸಿದ ಶಿಕ್ಷೆಯೆಂದು ಎಳೆದು ಅರ್ಥೈಸುವುದು ಸರಿಯಾಗದು. ಆದರೂ ಪಾರಸಿ ಪೀಠಿಕೆಯ ಲೀಲಾವತಿ ಮತ್ತು ತುಳು ಪಾಡ್ದನದ ಅವಳಿಗಳು, ಪರಸ್ಪರ ಯಾವ ಸಂಬಂಧವೂ ಇಲ್ಲದ ಎರಡು ಪರಂಪರೆಗಳು, ಎಣಿಕೆಯ ಉಪಕರಣದ ಮುಂದೆ ಕುಳಿತ ಹೆಣ್ಣುಮಕ್ಕಳಿಗೆ ಒಂದೇ ಬಗೆಯ ಕೇಡನ್ನು ಕಲ್ಪಿಸಿಕೊಂಡವು. ವ್ಯತ್ಯಾಸವೂ ಅಷ್ಟೇ ಮುಖ್ಯ. ಲೀಲಾವತಿಯ ಕಥೆಯನ್ನು ಹೇಳಿದವನು ಆಸ್ಥಾನದ ಕವಿ. ಅಲ್ಲಿ ಹುಡುಗಿ ಎಣಿಸುವುದಿಲ್ಲ, ಇಣುಕುತ್ತಾಳೆ. ಸಿರಿಯ ಕಥೆಯನ್ನು ನಾಟಿಯ ಗದ್ದೆಯಲ್ಲಿ ಹೆಂಗಸರೇ ಹಾಡಿದರು. ಅಲ್ಲಿ ಹುಡುಗಿಯರು ಎಣಿಸುತ್ತಾರೆ, ಗೆಲ್ಲುತ್ತಾರೆ, ಸೋಲನ್ನು ಸಹಿಸದಷ್ಟು ತೀವ್ರವಾಗಿ ಆಡುತ್ತಾರೆ.

ಶಾಲೆಯ ಲೆಕ್ಕ

ಮದರಾಸು ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಆಜ್ಞಾಪಿಸಿದ ದೇಶೀಯ ಶಾಲೆಗಳ ಸಮೀಕ್ಷೆಗೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ೧೮೨೩ರಲ್ಲಿ ಸಲ್ಲಿಸಿದ ವರದಿ ಕರ್ನಾಟಕದ ಶಿಕ್ಷಣ ಚರಿತ್ರೆಗೆ ಅಮೂಲ್ಯ ಆಕರ. ಜಿಲ್ಲೆಯಲ್ಲಿ ೫೩೩ ಶಾಲೆಗಳು; ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ವಿದ್ಯಾರ್ಥಿಗಳು ೬,೬೪೧. ಇವರಲ್ಲಿ ಹುಡುಗಿಯರು ೬೦. ನೂರಕ್ಕೆ ಒಬ್ಬಳೂ ಇಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನು ಕಂಠಪಾಠ ಮಾಡುವುದು ಈ ಕೂಲಿಮಠಗಳ ಕ್ರಮ. ಮಗ್ಗಿ ಎಂದರೆ ಇಂದಿನಂತೆ ಪೂರ್ಣಸಂಖ್ಯೆಗಳದು ಮಾತ್ರವಲ್ಲ. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ, ಹದಿನಾರರಲ್ಲಿ ಒಂದು ಭಾಗವಾದ ವೀಸದ ಲೆಕ್ಕ, ಎಲ್ಲವೂ ಬಾಯಲ್ಲಿರಬೇಕಾಗಿತ್ತು. ಈ ಮಗ್ಗಿಯ ರಾಗ ಹಜಾರದಿಂದ ಒಳಮನೆಗೆ ಕೇಳಿಸುತ್ತಿದ್ದುದರಿಂದ ಅಣ್ಣನ ಪಾಠವನ್ನು ತಂಗಿ ಕದ್ದು ಕಲಿತ ಸಂಗತಿಗಳು ಹಳೆಯ ತಲೆಮಾರಿನ ಹೆಂಗಸರ ನೆನಪುಗಳಲ್ಲಿ ಬರುವುದುಂಟು. ಕಲಿತದ್ದಕ್ಕೆ ದಾಖಲೆಯಿಲ್ಲ, ಕಲೆಕ್ಟರ್ ಎಣಿಸಿದ್ದು ಹಜಾರದಲ್ಲಿ ಕುಳಿತವರನ್ನು ಮಾತ್ರ.

ಬ್ರಿಟಿಷ್ ಆಡಳಿತದ ಹೊಸ ಶಾಲೆಗಳು ಹುಡುಗಿಯರಿಗೆ ಬಾಗಿಲು ತೆರೆದವು. ಆದರೆ ಬೇರೆ ಬಾಗಿಲು. ೧೮೮೨ರ ಹಂಟರ್ ಆಯೋಗವು ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಗಳ ಪಾಠಕ್ರಮ ಹುಡುಗರದಕ್ಕಿಂತ ಸರಳವಾಗಿರಬೇಕು, ಗೃಹಜೀವನದ ಅಗತ್ಯಗಳಿಗೆ ಹೊಂದುವಂತಿರಬೇಕು ಎಂದು ಶಿಫಾರಸು ಮಾಡಿತು. ಸೂಜಿಕೆಲಸ ಹುಡುಗಿಯರ ವಿಷಯವಾಯಿತು, ಮೇಲಿನ ಗಣಿತ ಹುಡುಗರದಾಯಿತು. ಸೂಜಿಕೆಲಸದಲ್ಲಿ ಎಂಥ ಗಣಿತವಿದೆ ಎಂಬುದನ್ನು ಆಯೋಗದ ಸದಸ್ಯರು ಊಹಿಸಿರಲಾರರು; ಆ ಮಾತು ಮುಂದೆ ಬರಲಿದೆ. ಸ್ವಾತಂತ್ರ್ಯಾನಂತರವೂ ಗೃಹವಿಜ್ಞಾನ ಹೆಣ್ಣುಮಕ್ಕಳ ಸಹಜ ಆಯ್ಕೆ ಎಂಬ ಭಾವನೆ ಮುಂದುವರಿಯಿತು. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಠ್ಯಕ್ರಮ ಸಲ್ಲದೆಂದು ಹಂಸಾ ಮೆಹ್ತಾ ಸಮಿತಿ ೧೯೬೪ರಲ್ಲಿ ಹೇಳಿದ ಮೇಲೆ, ಹತ್ತನೆಯ ತರಗತಿಯವರೆಗೆ ಗಣಿತ ಎಲ್ಲರಿಗೂ ಕಡ್ಡಾಯವಾಗಬೇಕೆಂದು ಕೊಠಾರಿ ಆಯೋಗ ೧೯೬೪–೬೬ರಲ್ಲಿ ಶಿಫಾರಸು ಮಾಡಿದ ಮೇಲೆ, ಕಾಗದದ ಮೇಲಿನ ಗೋಡೆ ಬಿದ್ದಿತು.

ಗಾವಂತಿಯ ದಾರಿ

ಧಾರವಾಡ, ಹುಬ್ಬಳ್ಳಿಗಳ ಸುತ್ತಿನ ಕಸೂತಿ ಕನ್ನಡ ನಾಡಿನ ಹೆಮ್ಮೆಯ ಕಲೆಯೆಂದು ಎಲ್ಲ ಗ್ರಂಥಗಳೂ ಹೇಳುತ್ತವೆ. ಇಳಕಲ್ ಸೀರೆಯ ಸೆರಗಿನಲ್ಲಿ, ಮದುವೆಯ ಕಪ್ಪು ಚಂದ್ರಕಾಳಿಯಲ್ಲಿ, ಕುಪ್ಪಸದ ಕಣದಲ್ಲಿ ಮೂಡುವ ಗೋಪುರ, ತೇರು, ಅಂಬಾರಿಯಾನೆ, ತುಳಸಿಕಟ್ಟೆ, ನವಿಲುಗಳ ವರ್ಣನೆಯೂ ಸಾಕಷ್ಟು ಬಂದಿದೆ. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಹೆಸರನ್ನೂ ಪಟ್ಟಿಮಾಡಲಾಗಿದೆ. ಆದರೆ ಈ ಹೊಲಿಗೆ ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಕಸೂತಿಯ ನಿಯಮಗಳು ಕಠಿಣ. ಬಟ್ಟೆಯ ಮೇಲೆ ಚಿತ್ರವನ್ನು ಮೊದಲೇ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗಾವಂತಿ, ಮುರಗಿಗಳಲ್ಲಿ ಬಟ್ಟೆಯ ಒಳಮೈ ಹೊರಮೈಗಳೆರಡರಲ್ಲೂ ಚಿತ್ರ ಒಂದೇ ರೀತಿ ಕಾಣಬೇಕು. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆಯಾದ್ದರಿಂದ ಹೋಗುವಾಗ ಗೆರೆಯ ಅರ್ಧಭಾಗ ಮಾತ್ರ ಮೇಲ್ಮೈಯಲ್ಲಿ ಮೂಡುತ್ತದೆ, ನಡುನಡುವೆ ಖಾಲಿ ಉಳಿಯುತ್ತದೆ. ಹಿಂದಿರುಗುವಾಗ ಆ ಖಾಲಿ ಜಾಗಗಳು ತುಂಬಬೇಕು. ಆರು ಹೊಲಿಗೆಗಳ ಒಂದು ನೇರ ಗೆರೆಯನ್ನು ಎಣಿಸಿ ನೋಡಿದರೆ ಒಳಗುಟ್ಟು ತಿಳಿಯುತ್ತದೆ. ಹೋಗುವಾಗ ಒಂದು, ಮೂರು, ಐದನೆಯವು ಮೇಲೆ. ಎರಡು, ನಾಲ್ಕು, ಆರನೆಯವು ಕೆಳಗೆ. ಬರುವಾಗಿನ ಮೊದಲ ಹೊಲಿಗೆ ಒಟ್ಟು ಎಣಿಕೆಯಲ್ಲಿ ಏಳನೆಯದು; ಅದು ಮೇಲೆ ಬರುತ್ತದೆ, ಕೂರುವುದು ಆರನೆಯದರ ಜಾಗದಲ್ಲಿ. ಎಂಟನೆಯದು ಐದರ ಜಾಗದಲ್ಲಿ, ಹನ್ನೆರಡನೆಯದು ಒಂದರ ಜಾಗದಲ್ಲಿ. ಒಂದೇ ಜಾಗಕ್ಕೆ ಬರುವ ಎರಡು ಎಣಿಕೆಗಳನ್ನು ಕೂಡಿದರೆ ಎಲ್ಲ ಕಡೆಯೂ ಹದಿಮೂರು. ಹದಿಮೂರು ಬೆಸ ಸಂಖ್ಯೆಯಾದ್ದರಿಂದ ಎರಡರಲ್ಲಿ ಒಂದು ಸರಿ, ಒಂದು ಬೆಸ. ಒಂದು ಮೇಲೆ, ಒಂದು ಕೆಳಗೆ. ಗೆರೆ ಎಷ್ಟೇ ಉದ್ದವಿರಲಿ, ಹೋದ ದಾರಿಯಲ್ಲಿಯೇ ಮರಳಿದರೆ ಎರಡೂ ಮೈ ತುಂಬಿಯೇ ತುಂಬುತ್ತವೆ.

ನೇರ ಗೆರೆಯಾದರೆ ಇಷ್ಟೇ. ಗೋಪುರಕ್ಕೆ ಕಳಸಗಳಿವೆ, ತೇರಿಗೆ ಚಕ್ರಗಳಿವೆ, ಬಳ್ಳಿಗೆ ಕವಲುಗಳಿವೆ. ಕವಲು ಬಂದಲ್ಲಿ ಸೂಜಿ ಮುಖ್ಯ ದಾರಿಯನ್ನು ಬಿಟ್ಟು ಕವಲಿಗೆ ಹೋಗಿ, ಅದೇ ಕವಲಲ್ಲಿ ಮರಳಿ ಮುಖ್ಯ ದಾರಿಗೆ ಬರಬೇಕು. ಹೋದಷ್ಟೇ ಹೊಲಿಗೆಗಳಲ್ಲಿ ಮರಳುವುದರಿಂದ ಕವಲಿಗೆ ತಗಲುವ ಒಟ್ಟು ಹೊಲಿಗೆಗಳು ಯಾವಾಗಲೂ ಸರಿಸಂಖ್ಯೆ. ಆದ್ದರಿಂದ ಮುಖ್ಯ ದಾರಿಯ ಮೇಲು-ಕೆಳಗಿನ ಸರದಿ ಕೆಡುವುದಿಲ್ಲ. ಒಂದು ಕವಲನ್ನು ಮರೆತು ಮುಂದೆ ಹೋದರೆ ದಾರ ಕಡಿದು ಹೊಸದಾಗಿ ತೊಡಗಬೇಕು, ಅದು ಕಸೂತಿಗೆ ಒಪ್ಪುವಂಥದಲ್ಲ. ಹೀಗಾಗಿ ಮೊದಲ ಸೂಜಿ ಹಾಕುವ ಮೊದಲೇ ಇಡೀ ಚಿತ್ರದ ದಾರಿ, ಯಾವ ಕವಲನ್ನು ಹೋಗುವಾಗ, ಯಾವುದನ್ನು ಬರುವಾಗ ಮುಗಿಸಬೇಕೆಂಬುದು ಮನಸ್ಸಿನಲ್ಲಿರಬೇಕು. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ತಲಾ ಒಮ್ಮೆಯೇ ದಾಟಿ ಊರು ಸುತ್ತಿ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಲಿಯೊನಾರ್ಡ್ ಆಯ್ಲರ್ ೧೭೩೬ರಲ್ಲಿ, ಸಾಧ್ಯವಿಲ್ಲವೆಂದು, ಉತ್ತರಿಸಿದನು. ಜಾಲಗಳ ಗಣಿತ ಅಲ್ಲಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ. ಪ್ರತಿ ಗೆರೆಯನ್ನೂ ಎರಡು ಬಾರಿ ತುಳಿದು ಹೊರಟಲ್ಲಿಗೇ ಮರಳುವ ಗಾವಂತಿಯ ಪ್ರಶ್ನೆ ಅದೇ ಕುಲದ್ದು.

ಇದು ಕೇವಲ ಸಾದೃಶ್ಯದ ಮಾತಲ್ಲ. ಗಾವಂತಿಯನ್ನೇ ಹೋಲುವ ಹೊಲಿಗೆ ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿತ್ತು. ಅದನ್ನು ಧರಿಸಿದವರ ಚಿತ್ರ ಬರೆದ ಹಾಲ್ಬೈನನ ಹೆಸರಿನಿಂದ ಅದನ್ನು ಕರೆಯುತ್ತಾರೆ. ಹೊಲಿದವರ ಹೆಸರಲ್ಲ, ಚಿತ್ರ ಬರೆದವನ ಹೆಸರು. ೨೦೦೭ರಲ್ಲಿ ಸಾರಾ-ಮೇರಿ ಬೆಲ್‌ಕ್ಯಾಸ್ಟ್ರೊ ಮತ್ತು ಕ್ಯಾರೊಲಿನ್ ಯಾಕೆಲ್ ಎಂಬ ಇಬ್ಬರು ಗಣಿತಜ್ಞೆಯರು ಸಂಪಾದಿಸಿದ ಸೂಜಿಕೆಲಸದ ಗಣಿತದ ಗ್ರಂಥದಲ್ಲಿ ಈ ಹೊಲಿಗೆಯ ಜಾಲಗಣಿತವನ್ನು ಕುರಿತ ಅಧ್ಯಾಯವೇ ಸೇರಿದೆ.

ರಂಗೋಲಿಯ ಕಥೆ ಇದಕ್ಕಿಂತ ಮೊದಲೇ ನಡೆದಿತ್ತು. ಮದರಾಸಿನಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಕೋಲಗಳನ್ನು ಗಣಕಯಂತ್ರದ ಚಿತ್ರವ್ಯಾಕರಣಕ್ಕೆ ಅಳವಡಿಸಿ ೧೯೭೪ರಲ್ಲಿ ಪ್ರಬಂಧ ಪ್ರಕಟಿಸಿದರು; ಮೂವರಲ್ಲಿ ಇಬ್ಬರು ಮಹಿಳೆಯರು. ಮಾರ್ಸಿಯಾ ಆಶರ್ ೨೦೦೨ರಲ್ಲಿ ಇದೇ ಕೋಲವನ್ನು ಕುರಿತು ಬರೆದರು. ಕನ್ನಡ ನಾಡಿನ ಅಂಗಳದಲ್ಲಿ ‘ಹದಿನೈದರಿಂದ ಎಂಟು, ಸಂದು ಚುಕ್ಕಿ’ ಎಂದು ಒಬ್ಬಳು ಹೇಳಿದರೆ ಇನ್ನೊಬ್ಬಳಿಗೆ ಬೇರೇನೂ ಬೇಕಾಗಿಲ್ಲ: ನಡುಸಾಲಿಗೆ ಹದಿನೈದು, ಮೇಲೂ ಕೆಳಗೂ ಒಂದೊಂದು ಕಡಿಮೆಯಾಗುತ್ತ ಎಂಟಕ್ಕೆ ನಿಲ್ಲುವ ಷಟ್ಕೋನ, ಒಟ್ಟು ೧೬೯ ಚುಕ್ಕಿ. ನಾಲ್ಕು ಶಬ್ದಗಳಲ್ಲಿ ಇಷ್ಟನ್ನು ಅಡಗಿಸಿದ ಮಾತು ಸೂತ್ರವಲ್ಲದಿದ್ದರೆ ಸೂತ್ರವೆಂದರೇನೆಂದು ಕೇಳಬೇಕಾಗುತ್ತದೆ.

ಆಕ್ಷೇಪ ಮತ್ತು ವರ್ಗೀಕರಣ

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಕಸೂತಿ ಹಾಕುವವಳು ಸರಿ-ಬೆಸದ ನಿಯಮವನ್ನು ಮಾತಿನಲ್ಲಿ ಹೇಳಿಲ್ಲ, ಸಾಧಿಸಿಯೂ ಇಲ್ಲ; ಕೈಗೆ ತಿಳಿದದ್ದನ್ನು ಗಣಿತವೆನ್ನಬಹುದೇ? ಸಾಧನೆಯೇ ಗಣಿತದ ಪ್ರಾಣವೆಂದು ಹಿಡಿದರೆ ಆಕ್ಷೇಪ ಗಟ್ಟಿಯಾದದ್ದು. ಕಸೂತಿಯಲ್ಲಿ ಆಧುನಿಕ ಗಣಿತವೆಲ್ಲ ಇತ್ತೆಂದು ಹೇಳುವ ಉತ್ಸಾಹವನ್ನೂ ದೂರವಿಡಬೇಕು. ಅಂಥ ಹೊಗಳಿಕೆಯಿಂದ ಹೊಲಿಯುವವಳಿಗೆ ಯಾವ ನ್ಯಾಯವೂ ಸಿಗುವುದಿಲ್ಲ. ಆದರೆ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕಲ್ಲವೇ? ಮುಕ್ಕಾಲಿನ ಮಗ್ಗಿಯನ್ನು ಒಪ್ಪಿಸುತ್ತಿದ್ದ ಐಗಳು ಅದನ್ನು ಸಾಧಿಸಿ ತೋರಿಸಲಿಲ್ಲ. ತಾಳಮಾನದಿಂದ ವಿಗ್ರಹ ಕಡೆದ ಶಿಲ್ಪಿಯೂ ಸಾಧಿಸಲಿಲ್ಲ. ‘ಗಣಿತಸಾರಸಂಗ್ರಹ’ದಲ್ಲಿಯೂ ಸೂತ್ರಗಳಿವೆ, ಉದಾಹರಣೆಗಳಿವೆ, ಯೂಕ್ಲಿಡನ ಬಗೆಯ ಸಾಧನೆಗಳಿಲ್ಲ. ಅವರ ಜ್ಞಾನವನ್ನು ಗಣಿತದ ಚರಿತ್ರೆಗೆ ಸೇರಿಸುವಾಗ ಕೇಳದ ಪ್ರಶ್ನೆಯನ್ನು ಗಾವಂತಿಗೆ ಮಾತ್ರ ಕೇಳುವುದರಲ್ಲಿಯೇ ತಾರತಮ್ಯವಿದೆ.

ಎಣಿಕೆ ಬಹಿರಂಗವಾಗಿ, ಬೆರಗಾಗ‌ುವಷ್ಟು ಪ್ರಖರವಾಗಿ ಪ್ರಕಟವಾದಾಗಲೂ ಹೆಸರಿನ ತೊಡಕು ತಪ್ಪಲಿಲ್ಲ. ೧೯೨೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ೧೯೮೦ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಗುಣಿಸಿದರು. ಲೋಕ ಅವರನ್ನು ‘ಮಾನವ ಕಂಪ್ಯೂಟರ್’ ಎಂದು ಕರೆಯಿತು, ಎಂದರೆ ಯಂತ್ರದ ಹೆಸರಿನಿಂದ. ಅವರು ಹೊಸ ಪ್ರಮೇಯಗಳನ್ನು ಕಂಡವರಲ್ಲ ಎಂಬುದು ಸರಿ. ಆದರೂ ಪಟ್ಟಿ ಬರೆಯುವ ಪತ್ರಿಕೆಗಳಿಗೆ ಅವರು ವಿಸ್ಮಯದ ವಸ್ತುವಾಗಿ, ಮನೋವಿಜ್ಞಾನಿಗಳಿಗೆ ಪರೀಕ್ಷೆಯ ವಸ್ತುವಾಗಿ ಒದಗಿದಷ್ಟು ಗಣಿತ ಕಲಿಸುವವರಿಗೆ ಒದಗಲಿಲ್ಲ.

ಜಾನಪದ ವಿದ್ವತ್ತಿನ ಪಾಲು ಈಗ ಹೇಳಬೇಕಾದದ್ದು. ಎ.ಕೆ. ರಾಮಾನುಜನ್ ಕನ್ನಡ ಜಾನಪದವನ್ನು ಒಳಾಂಗಣ, ಹೊರಾಂಗಣ ಎಂಬ ಎರಡು ವಲಯಗಳಲ್ಲಿಟ್ಟು ನೋಡಿ, ಅಡುಗೆಮನೆಯಲ್ಲಿ ಹೆಂಗಸರು ಹೇಳುವ ಕಥೆಗೆ ಅದರದೇ ಆದ ವ್ಯಾಕರಣವಿದೆಯೆಂದು ತೋರಿಸಿದರು. ಕಥೆಗೆ ದೊರೆತ ಈ ನ್ಯಾಯ ಎಣಿಕೆಗೆ ದೊರೆಯಲಿಲ್ಲ. ಜನಪದ ಸಾಹಿತ್ಯದ ಸಂಗ್ರಹಕಾರರು ಹಾಡಿನ ಪಾಠಾಂತರಗಳನ್ನು ಅಕ್ಷರ ಬಿಡದೆ ಬರೆದುಕೊಂಡರು. ಕಸೂತಿ ಬಂದಾಗ ಅದನ್ನು ‘ಕರಕುಶಲ’ ವಿಭಾಗಕ್ಕೆ, ರಂಗೋಲಿಯನ್ನು ‘ಆಚರಣೆ’ಗೆ ಇಲ್ಲವೆ ‘ಚಿತ್ರಕಲೆ’ಗೆ, ಚೆನ್ನೆಮಣೆಯನ್ನು ‘ಕ್ರೀಡೆ’ಗೆ, ಪಾವು ಸೇರುಗಳನ್ನು ‘ವಸ್ತುಸಂಸ್ಕೃತಿ’ಗೆ ಹಂಚಿದರು. ‘ಜನಪದ ಗಣಿತ’ವೆಂಬ ವಿಭಾಗ ತೆರೆದ ಕಡೆಗಳಲ್ಲಿ ಅದರೊಳಗೆ ಬಂದದ್ದು ಹೆಚ್ಚಾಗಿ ಭೂಮಿಯ ಅಳತೆ, ಬಡಗಿಯ ಲೆಕ್ಕ, ಸಂತೆಯ ವ್ಯಾಪಾರ. ಹೆಂಗಸರ ನಾಲ್ಕು ಎಣಿಕೆಗಳು ನಾಲ್ಕು ಅಧ್ಯಾಯಗಳಿಗೆ ಚದುರಿದ್ದರಿಂದ ಅವೆಲ್ಲ ಒಂದೇ ಜ್ಞಾನದ ರೂಪಗಳಿರಬಹುದೆಂಬ ಅನುಮಾನ ಕೂಡ ಹುಟ್ಟಲಿಲ್ಲ. ದಕ್ಷಿಣ ಆಫ್ರಿಕಾದ ಪ್ರದೇಶಗಳಲ್ಲಿ ಹೆಂಗಸರು ಹೆಣೆಯುವ ಬುಟ್ಟಿ, ಬರೆಯುವ ಗೋಡೆಚಿತ್ರಗಳನ್ನು ರೇಖಾಗಣಿತವೆಂದೇ ಕರೆದು ಪಾಲಸ್ ಗರ್ಡೆಸ್ ೧೯೯೦ರ ದಶಕದಲ್ಲಿ ಗ್ರಂಥ ಬರೆದಾಗ ಆ ಅನುಮಾನಕ್ಕೆ ಒಂದು ಮಾದರಿ ದೊರೆತಿತ್ತು.

ಹೆಸರಿನ ಪರಿಣಾಮ ಕೂಲಿಯ ಮೇಲೂ ಆಗುತ್ತದೆ. ಕರಕುಶಲವೆಂದು ಕರೆದಾಗ ಬೆಲೆ ಕಟ್ಟುವುದು ಹೊಲಿಗೆಗೆ, ಹಾಕಿದ ನಮೂನೆಗೆ. ದಾರಿಯನ್ನು ಯೋಚಿಸಿದ ಹೊತ್ತು ಎಣಿಕೆಗೆ ಬರುವುದಿಲ್ಲ. ನಮೂನೆ ‘ಪಾರಂಪರಿಕ’ವೆಂಬ ಕಾರಣಕ್ಕೆ ಅದಕ್ಕೆ ಕರ್ತೃವೂ ಇರುವುದಿಲ್ಲ.

ಸಂಗ್ರಹಾಲಯಗಳಲ್ಲಿಯೂ ಪುಸ್ತಕಗಳಲ್ಲಿಯೂ ಕಸೂತಿಯ ನಮೂನೆಗಳ ಛಾಯಾಚಿತ್ರಗಳು ಸಾಕಷ್ಟಿವೆ. ಚೌಕಳಿ ಕಾಗದದ ಮೇಲೆ ಬಿಡಿಸಿದ ನಕ್ಷೆಗಳೂ ಇವೆ. ಅವು ದಾಖಲಿಸುವುದು ಮುಗಿದ ಚಿತ್ರವನ್ನು. ಸೂಜಿ ಎಲ್ಲಿಂದ ಹೊರಟಿತು, ಗೋಪುರದ ಎಡಕವಲನ್ನು ಹೋಗುವಾಗ ಮುಗಿಸಿತೇ ಬರುವಾಗ ಮುಗಿಸಿತೇ, ತೇರಿನ ಚಕ್ರದೊಳಗಿನ ಅಡ್ಡಗೆರೆಗಳನ್ನು ಯಾವ ಸರದಿಯಲ್ಲಿ ಹಾಯ್ದಿತು ಎಂಬುದನ್ನು ಹೊಲಿಯುವವಳ ಪಕ್ಕದಲ್ಲಿ ಕುಳಿತು, ಹೊಲಿಗೆಗೆ ಒಂದೊಂದು ಅಂಕಿ ಹಾಕಿ ಬರೆದುಕೊಂಡರೆ ಮಾತ್ರ ತಿಳಿಯುತ್ತದೆ. ಹಾಡಿಗೆ ಮಾಡಿದ ಈ ಕೆಲಸವನ್ನು ಕಸೂತಿಗೂ ಮಾಡಲು ಹಳೆಯ ಕೈಗಳು ಇನ್ನೂ ಇರುವಾಗಲೇ ತೊಡಗಬೇಕು. ಮುಗಿದ ಬಟ್ಟೆಯನ್ನು ನೋಡಿ ಆ ದಾರಿಯನ್ನು ಮರಳಿ ಕಂಡುಹಿಡಿಯಲಾಗದು: ಅದರಲ್ಲಿ ಗಂಟಿಲ್ಲ, ಎರಡು ಮೈಗೂ ವ್ಯತ್ಯಾಸವಿಲ್ಲ, ದಾರ ಎಲ್ಲಿ ಹೊರಟಿತ್ತೋ ಅಲ್ಲಿಗೇ ಬಂದು ಮುಗಿದಿರುತ್ತದೆ.